ಎರಡು ತುಂಡಿನ ಕೋಲೋ, ನಾಲ್ಕು ತುಂಡಿನ ಕೋಲೋ?

ಮೊದಲೇ ಹೇಳಿಬಿಡ್ತೀನಿ, ಇದು ಮೀನು ಹಿಡಿಯೋ ಕೋಲಿನ ಬಗ್ಗೆ ಬರಹ. "ಇವನಿಗೆ ಬೇರೆ ಕೆಲಸ ಇಲ್ವಾ" ಅನ್ನೋ ಬ್ಲಾಗ್ ಮಿತ್ರರು ಇಲ್ಲೇ ಇಳಿದುಕೊಳ್ಳಬಹುದು :-) ಉಳಿದವರು ಸ್ವಲ್ಪ ಸರಿದು ಕೂತ್ಕೊಳ್ಳಿ, ಕೋಲಿಗೆ ಜಾಗ ಬೇಕು.

ಗಂಗಾವತಿಯಲ್ಲಿರೋ ನಮ್ಮ ಕಾಕಾನ ಮಗ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತಾನೆ. ಮೊನ್ನೆ ಫೋನಿನಲ್ಲಿ ಕೇಳಿದ, "ಅಣ್ಣಾ, ಫ್ಲೈ ರಾಡ್ ಒಂದು ತಗೋಬೇಕಂತ ಮಾಡೀನಿ. ಎರಡು ಪೀಸಿಂದು ತಗೊಳ್ಳೋದೋ, ನಾಕು ಪೀಸಿಂದೋ? ಒಮ್ಮೆ ರೊಕ್ಕ ಹಾಕಿದ್ರ ಮತ್ತ ಐದಾರು ವರ್ಷ ಆಗಂಗಿಲ್ಲ ನೋಡು." ಈ ಪ್ರಶ್ನೆಗೆ ಇಂಟರ್ನೆಟ್ಟಿನಲ್ಲಿ ಉತ್ತರಗಳಿಗೇನೂ ಬರ ಇಲ್ಲ. ಆದರೆ ಆ ಉತ್ತರ ಬರೆದವರು ಯಾರೂ ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ನಿಂತವರಲ್ಲ. ಅವರ ಮನೆ ಮುಂದೆ ಕಾರು ಇರುತ್ತೆ, ಕಾರು ನಿಲ್ಲಿಸಿದ ಕಡೆ ನದಿ ಇರುತ್ತೆ. ಅವರು ಚರ್ಚೆ ಮಾಡೋದು ಕೋಲು ಹೇಗೆ ಬಾಗುತ್ತೆ ಅನ್ನೋದನ್ನ. ನಮ್ಮ ನಾಲ್ಕು ತಾಲೂಕಿನ ಮಟ್ಟಿಗೆ, ಅಂದ್ರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮಟ್ಟಿಗೆ, ಅದು ಎರಡನೇ ಪ್ರಶ್ನೆ. ಕೋಲು ನೀರಿನ ತನಕ ಹೆಂಗೆ ಹೋಗುತ್ತೆ ಅನ್ನೋದು ಮೊದಲನೇದು. ಹಾಗಾಗಿ ನನ್ನ ಅಭಿಪ್ರಾಯ ಸೀದಾ ಇದೆ: ನಾಲ್ಕು ತುಂಡಿನದ್ದೇ ತಗೋಬೇಕು.

ಯಾಕೆ ಅಂತ ಹೇಳೋ ಮುಂಚೆ, ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಾಮೂಲಿ ಗಾಳದಲ್ಲಿ ದಾರದ ತುದಿಗೆ ತೂಕ ಇರುತ್ತೆ, ಆ ತೂಕ ದಾರವನ್ನ ಎಳ್ಕೊಂಡು ಹೋಗುತ್ತೆ. ಫ್ಲೈ ಅಂದ್ರೆ ಪುಕ್ಕ, ಕೂದಲು, ನೂಲು ಸುತ್ತಿ ಮಾಡಿದ ಸುಳ್ಳು ಹುಳ. ಅದಕ್ಕೆ ತೂಕ ಅನ್ನೋದೇ ಇಲ್ಲ ಅಂದ್ರೂ ನಡೆಯುತ್ತೆ. ಇಲ್ಲಿ ತೂಕ ಇರೋದು ದಾರಕ್ಕೆ. ದಪ್ಪನೆಯ ಪ್ಲಾಸ್ಟಿಕ್ ಹೊದಿಕೆಯ ದಾರವನ್ನ ಕೋಲಿನಿಂದ ಹಿಂದಕ್ಕೆ ಮುಂದಕ್ಕೆ ಬೀಸಿ ಬಿಡಬೇಕು, ಎತ್ತು ಹೊಡೆಯೋರು ಬಾರಕೋಲು ಬೀಸಿದ ಹಾಗೆ. ಅಂದ ಮೇಲೆ ಕೋಲು ಇಲ್ಲಿ ಬರೀ ಹಿಡಿಕೆ ಅಲ್ಲ, ಸ್ಪ್ರಿಂಗ್. ತುದಿಯಿಂದ ಬುಡದ ತನಕ ಒಂದೇ ಸಮನೆ ಬಾಗಬೇಕು. ಅಲ್ಲಿಂದಲೇ ತುಂಡುಗಳ ಜಗಳ ಶುರು.

ಎರಡು ತುಂಡಿನ ಪಕ್ಷದವರ ವಾದ ಹೀಗಿದೆ. ತುಂಡು ಸೇರೋ ಕಡೆ ಒಂದರೊಳಗೆ ಒಂದು ಕೂತಿರುತ್ತೆ, ಅಲ್ಲಿ ಗೋಡೆ ದಪ್ಪ, ಗೋಡೆ ದಪ್ಪ ಇದ್ದಲ್ಲಿ ಕೋಲು ಕಡಿಮೆ ಬಾಗುತ್ತೆ. ಎರಡು ತುಂಡಿನಲ್ಲಿ ಅಂಥ ಜಾಗ ಒಂದೇ, ನಾಲ್ಕರಲ್ಲಿ ಮೂರು. ಜೊತೆಗೆ ಸ್ವಲ್ಪ ತೂಕವೂ ಜಾಸ್ತಿ. ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರು ಹೆಂಗೋ ಪಾಸಾದವನಾಗಿ ಹೇಳ್ತೀನಿ, ಈ ವಾದದಲ್ಲಿ ಲೆಕ್ಕದ ತಪ್ಪಿಲ್ಲ. ಕೀಲು ಇದ್ದಲ್ಲಿ ಬಿಗಿ ಜಾಸ್ತಿ, ಹೌದು. ಒಂದು ಕಾಲದಲ್ಲಿ ಅದು ಬಹಳ ದೊಡ್ಡ ಮಾತೂ ಆಗಿತ್ತು.

ಆ ಕಾಲ ಯಾವುದು ಅಂದ್ರೆ ಬಿದಿರಿನ ಕಾಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡು, ಅಮೆರಿಕದ ಕುಶಲಿಗರು ಬಿದಿರನ್ನ ಉದ್ದುದ್ದ ಸೀಳಿ, ಪಟ್ಟಿ ಮಾಡಿ, ಆರು ಪಟ್ಟಿ ಅಂಟಿಸಿ ಕೋಲು ಮಾಡ್ತಿದ್ದರು. ಆ ಬಿದಿರಿಗೆ ಅವರು ಇಟ್ಟ ಹೆಸರು ಕಲ್ಕತ್ತಾ ಕೇನ್. ಹೌದು, ನಮ್ಮ ದೇಶದ ಬಿದಿರೇ! ಆಮೇಲೆ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಟಾಂಕಿನ್ ಬಿದಿರು ಸಿಕ್ಕಿತು, ನಮ್ಮದನ್ನ ಬಿಟ್ಟರು. ನಮ್ಮ ಮೇದಾರ ಓಣಿಯವರಿಗೆ ಈ ವಿಷಯ ಯಾರೂ ಹೇಳಿದ ಹಾಗಿಲ್ಲ. ಇರಲಿ. ಆ ಬಿದಿರಿನ ಕೋಲುಗಳ ಕೀಲು ಲೋಹದ್ದು, ನಮ್ಮ ಪಾತ್ರೆ ಅಂಗಡಿಯವರು ಜರ್ಮನ್ ಸಿಲ್ವರ್ ಅಂತಾರಲ್ಲ ಅದೇ. ಲೋಹ ಬಿದಿರಿನ ಹಾಗೆ ಬಾಗೋದಿಲ್ಲ. ತೂಕ ಬೇರೆ. ಕೀಲು ಹೆಚ್ಚಾದಷ್ಟೂ ಕೋಲು ಸಂಕಟಪಡ್ತಿತ್ತು. ಎರಡು ತುಂಡೇ ಶ್ರೇಷ್ಠ ಅನ್ನೋ ಮಾತು ಬಲವಾಗಿದ್ದು ಇಲ್ಲಿಂದ.

1950ರಲ್ಲಿ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿದ ಮೇಲೆ ಬಿದಿರು ಸಿಗೋದು ಕಷ್ಟ ಆಯ್ತು, ಫೈಬರ್ ಗ್ಲಾಸ್ ಮುಂದೆ ಬಂತು. 1960ರ ದಶಕದಲ್ಲಿ ಫೆನ್ವಿಕ್ ಕಂಪನಿಯವರು ಲೋಹದ ಕೀಲನ್ನೇ ಬಿಟ್ಟು ಗ್ಲಾಸಿನ ಕೊಳವೆ ಒಳಗೆ ಗ್ಲಾಸಿನ ಕೊಳವೆ ಕೂರಿಸೋ ಕೀಲು ತಂದರು. 1973ರಲ್ಲಿ ಅವರದೇ ಗ್ರಾಫೈಟ್ ಕೋಲು ಬಂತು. ಈಗ ಕೀಲೂ ಅದೇ ವಸ್ತು, ಕೋಲೂ ಅದೇ ವಸ್ತು. ಕೀಲಿನ ಬಿಗಿಯನ್ನ ಲೆಕ್ಕಕ್ಕೆ ಹಿಡಿದೇ ಉಳಿದ ಭಾಗದ ದಪ್ಪ ಇಳಿಸಿ ಡಿಸೈನ್ ಮಾಡ್ತಾರೆ. ಇವತ್ತು ಒಳ್ಳೆ ಕಂಪನಿಗಳ ಫ್ಲೈ ರಾಡ್ ಹೆಚ್ಚುಕಡಿಮೆ ಎಲ್ಲವೂ ನಾಲ್ಕು ತುಂಡಿನವೇ. ಎರಡು ತುಂಡಿನವು ಉಳಿದಿರೋದು ಬಹುಪಾಲು ಅಗ್ಗದ ಸಾಲಿನಲ್ಲಿ, ಇಲ್ಲವೇ ಬಿದಿರಿನ ಶೋಕಿಯವರ ಹತ್ತಿರ. ನನ್ನ ಸಹೋದ್ಯೋಗಿಯೊಬ್ಬನ ಹಳೇ ಎರಡು ತುಂಡಿನದ್ದನ್ನೂ ನನ್ನ ನಾಲ್ಕು ತುಂಡಿನದ್ದನ್ನೂ ಒಂದೇ ದಾರ ಹಾಕಿ ಒಂದು ಮಧ್ಯಾಹ್ನ ಪೂರ್ತಿ ಬೀಸಿದ್ದೀನಿ. ವ್ಯತ್ಯಾಸ ಇತ್ತು, ಆದರೆ ಅದು ಎರಡು ಕಂಪನಿಗಳ ವ್ಯತ್ಯಾಸ. ಕೀಲಿನದ್ದು ಅಂತ ಬೆರಳಿಟ್ಟು ತೋರಿಸೋಕೆ ನನ್ನ ಕೈಲಿ ಆಗಲಿಲ್ಲ. ಕೈ ನುರಿತವರಿಗೆ ಗೊತ್ತಾಗಬಹುದೇನೋ. ಗಂಗಾವತಿಯಲ್ಲಿ ಮೊದಲ ಕೋಲು ಕೊಳ್ಳೋ ಹುಡುಗನಿಗೆ ಗೊತ್ತಾಗಲ್ಲ, ಬರೆದು ಕೊಡ್ತೀನಿ.

ತುಂಡು ಮಾಡಿ ಜೋಡಿಸಿದರೆ ಗಟ್ಟಿ ಇರಲ್ಲ ಅನ್ನೋರಿಗೆ ನಮ್ಮೂರ ಉದಾಹರಣೆಯನ್ನೇ ಕೊಡ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಗಂಗಾವತಿ ಕಡೆ ಭತ್ತದವರೆಲ್ಲ ನಿದ್ದೆಗೆಟ್ಟು ಕೂತಿದ್ದರು. ಹರಿಯೋ ನೀರಿನಲ್ಲಿ ಒಂದೇ ಹಾಳೆಯ ಗೇಟು ಕೂರಿಸೋದು ಆಗದ ಮಾತು. ಕೊನೆಗೆ ಏನು ಮಾಡಿದರು? ಸ್ಟಾಪ್ ಲಾಗ್ ಅಂತ ಐದು ತುಂಡು ಮಾಡಿಸಿ, ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು. ನನ್ನ ಕೋಲು ತಡೆಯೋದು ಒಂದು ಜಿಲೇಬಿ ಮೀನನ್ನ ಅಷ್ಟೇ :-)

ಈಗ ನೀರಿನ ವಿಷಯ. ಇದೇ ನನ್ನ ಮುಖ್ಯ ವಾದ.

ನಮ್ಮ ಜಿಲ್ಲೆ ಅಂದ ತಕ್ಷಣ ಹೊರಗಿನವರಿಗೆ ನೆನಪಾಗೋದು ಆನೆಗೊಂದಿ ಪಕ್ಕದ ಬಂಡೆಗಳ ನಡುವಿನ ತುಂಗಭದ್ರೆ. ಫೋಟೋ ನೋಡಿದವರೆಲ್ಲ "ಆಹಾ, ಎಂಥಾ ಜಾಗ, ಅಲ್ಲೇ ಗಾಳ ಹಾಕಬಹುದಲ್ಲ" ಅಂತಾರೆ. ಹಾಕಬಾರದು. ಮುದ್ಲಾಪುರದಿಂದ ಕಂಪ್ಲಿ ಸೇತುವೆ ತನಕ 34 ಕಿಲೋಮೀಟರ್ ನದಿಯನ್ನ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ಹಂಪಿ, ಆನೆಗೊಂದಿ ಎಲ್ಲ ಅದರೊಳಗೇ ಬರ್ತಾವೆ. ಅಲ್ಲಿನ ಮೀನು ನೀರುನಾಯಿಯ ಊಟ. ಸಂಬಳದ ಊಟ ಮಾಡಿ ಶೋಕಿಗೆ ಗಾಳ ಹಾಕೋ ನನ್ನಂಥವನು ಆ ಸಾಲಿನಲ್ಲಿ ನಿಲ್ಲಬಾರದು ಅನ್ನೋದು ನನ್ನ ನಿಲುವು, ಕಾನೂನು ಆಮೇಲಿನ ಮಾತು. ಹಾಗಾಗಿ ಮನೆ ಹತ್ತಿರದ ಅತಿ ಚೆಂದದ ನೀರು ಗಂಗಾವತಿಯವನಿಗೆ ಸಿಗೋದಿಲ್ಲ.

ಉಳಿದದ್ದು ಡ್ಯಾಮಿನ ಹಿನ್ನೀರು, ಕಿನ್ನಾಳದ ಕಡೆ ಹಿರೇಹಳ್ಳ, ಕುಷ್ಟಗಿಯ ನಿಡಶೇಸಿ ಕೆರೆ, ಯಲಬುರ್ಗಾದ ತಲ್ಲೂರು ಕೆರೆ, ಇಂಥವು. ಕೆರೆಗಳ ಮೀನು ಗುತ್ತಿಗೆ ಹಿಡಿದವರದ್ದು. ಅವರು ಕಾಟ್ಲಾ, ರೋಹು ಮರಿ ಬಿಟ್ಟಿರ್ತಾರೆ, ಅದು ಅವರ ಬಂಡವಾಳ. ಕೇಳದೆ ಕೋಲು ಬಿಚ್ಚಬಾರದು. ಕೇಳಿದರೆ ಬಹಳ ಸಲ ನಗ್ತಾ ಒಪ್ಪುತ್ತಾರೆ, ಯಾಕಂದ್ರೆ ಕಾಟ್ಲಾ ನೀರಿನಲ್ಲಿ ತೇಲೋ ಸಣ್ಣ ಜೀವಗಳನ್ನ ಸೋಸಿ ತಿನ್ನೋ ಮೀನು, ನಮ್ಮ ಪುಕ್ಕದ ಹುಳಕ್ಕೆ ಅದು ಸೊಪ್ಪು ಹಾಕೋದಿಲ್ಲ. ನಮಗೆ ಸಿಗೋದು ಜಿಲೇಬಿ, ಸಣ್ಣ ಪುಟ್ಟ ಕೆರೆ ಮೀನು, ಅದೃಷ್ಟ ಇದ್ದರೆ ಗಂಗಾವತಿ ಕಡೆಯ ತೆಲುಗಿನವರು ಕೊರಮೀನು ಅನ್ನೋ ಮರಲ್.

ಮತ್ತೆ ಈ ನೀರು ಒಂದು ಕಡೆ ನಿಲ್ಲೋದೂ ಇಲ್ಲ. ಒಂದು ವರ್ಷ ತುಂಬಿದ ಕೆರೆಯಲ್ಲಿ ಮರುವರ್ಷ ಹುಡುಗರು ಕ್ರಿಕೆಟ್ ಆಡ್ತಿರ್ತಾರೆ. ಹಿರೇಹಳ್ಳದ ಹೂಳು ತೆಗೆಯೋಕೆ 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು ಊರೂರಿನ ಜನರನ್ನ ಸೇರಿಸಿದ್ದು ನಿಮಗೆ ನೆನಪಿರಬಹುದು. ಡ್ಯಾಮಿನದ್ದೂ ಅದೇ ಪಾಡು. 133 ಟಿಎಂಸಿಗೆ ಅಂತ ಕಟ್ಟಿದ್ದು, ಹೂಳು ಕೂತು ಈಗ ಹಿಡಿಯೋದು 105ರ ಆಸುಪಾಸು. ಮಳೆಗಾಲದಲ್ಲಿ ರಸ್ತೆ ಪಕ್ಕ ಇದ್ದ ಹಿನ್ನೀರು ಬೇಸಿಗೆಯಲ್ಲಿ ಎಲ್ಲೋ ದೂರ ಹೊಳೀತಿರುತ್ತೆ, ಮಧ್ಯೆ ಬಿರುಕು ಬಿಟ್ಟ ಎರೆ ಮಣ್ಣು. ಬಿಸಿಲಲ್ಲಿ ಅಷ್ಟು ದೂರ ನಡೆಯೋವಾಗ ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಉದ್ದನೆ ಕೊಳವೆ ಹಿಡಿದು ನೋಡಿ, ಆಮೇಲೆ ಕೋಲಿನ ಬಾಗುವಿಕೆ ಬಗ್ಗೆ ಮಾತಾಡೋಣ.

ಅಳತೆ ಹೇಳ್ತೀನಿ. ಮಾಮೂಲಿ ಫ್ಲೈ ರಾಡ್ 9 ಅಡಿ. ಎರಡು ತುಂಡಿನದ್ದಾದರೆ ಒಂದೊಂದು ತುಂಡು ನಾಲ್ಕೂವರೆ ಅಡಿ, ಅಂದ್ರೆ 137 ಸೆಂಟಿಮೀಟರ್. ಕೊಳವೆಯೊಳಗೆ ಹಾಕಿದರೆ ಇನ್ನೂ ಸ್ವಲ್ಪ. ಹತ್ತು ವರ್ಷದ ಹುಡುಗನಷ್ಟು ಎತ್ತರ, ಆದರೆ ಹುಡುಗನನ್ನ ಕಾಲ್ಮಡಿಸಿ ತೊಡೆ ಮೇಲಾದರೂ ಕೂರಿಸಬಹುದು. ನಾಲ್ಕು ತುಂಡಿನದ್ದು 70 ಸೆಂಟಿಮೀಟರ್, ಕೊಳವೆ ಸೇರಿ 75ರ ಹತ್ತಿರ. ಬೆನ್ನಿಗೆ ಹಾಕೋ ಬ್ಯಾಗಿನ ಪಕ್ಕದ ಜೇಬಿಗೆ ಸಿಕ್ಕಿಸಿದರೆ ಛತ್ರಿಯೋ ಏನೋ ಅನ್ಕೋತಾರೆ.

ನಾನು ಬೆಂಗಳೂರಿನಿಂದ ಬರೋದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ. ಸೀಟಿನ ಕೆಳಗೆ ಉದ್ದನೆಯದ್ದೇನಾದರೂ ಇಟ್ಟರೆ ಬೆಳಗ್ಗೆ ಅದರ ಮೇಲೆ ಯಾರದೋ ಟ್ರಂಕು, ಅಕ್ಕಿ ಚೀಲ ಕೂತಿರ್ತಾವೆ. ನಾಲ್ಕು ತುಂಡಿನದ್ದು ತಲೆ ಹತ್ತಿರವೇ ಮಲಗುತ್ತೆ. ಕೊಪ್ಪಳದಲ್ಲಿ ಇಳಿದ ಮೇಲೆ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮವ್ವ ಅಕ್ಕನ ಮನೆಗೆ, ಗುಡ್ಡಕ್ಕೆ, ಜಾತ್ರೆಗೆ ಅಂತ ಖುಷಿಯಾಗಿ ಓಡಾಡ್ತಾಳೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಬಸ್ಸಿನಲ್ಲಿ ನಿಂತವರ ಕಣ್ಣಿಗೆ ನಾಲ್ಕೂವರೆ ಅಡಿ ಕೋಲು ಚುಚ್ಚಬಾರದು ಅನ್ನೋದಷ್ಟೇ ನನ್ನ ಕಾಳಜಿ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಕೊನೆಗೂ ರೈಲು ಬಂತು. ಹುಬ್ಬಳ್ಳಿಯಿಂದ ಯಲಬುರ್ಗಾ ಮೇಲೆ ಹೋಗುತ್ತೆ. ಕೋಲು ಹೊರೋರಿಗೂ ಅದು ಒಳ್ಳೇ ಸುದ್ದಿ, ಆದರೆ ಸ್ಟೇಷನ್ನಿಂದ ಕೆರೆಗೆ ಮತ್ತೆ ಯಾರದಾದರೂ ಬೈಕಿನ ಹಿಂದಿನ ಸೀಟೇ ಗತಿ. ಬೈಕಿನಲ್ಲಿ ಅಡ್ಡ ಹಿಡಿದ ಎರಡು ತುಂಡಿನ ಕೋಲು, ಎದುರಿಗೆ ಮೇವಿನ ಟ್ರ್ಯಾಕ್ಟರ್... ಮುಂದಿನದನ್ನ ನೀವೇ ಊಹಿಸಿಕೊಳ್ಳಿ.

ಹಿನ್ನೀರಿನ ದಂಡೆಯಲ್ಲಿ ಒಬ್ಬ ಅಜ್ಜ ನನ್ನ ಕೊಳವೆಯಿಂದ ತುಂಡುಗಳು ಒಂದೊಂದೇ ಹೊರಗೆ ಬರೋದನ್ನ ನೋಡಿ, "ಯಪ್ಪಾ, ಇಷ್ಟು ರೊಕ್ಕ ಕೊಟ್ಟು ತಂದದ್ದನ್ನ ದಾರ್ಯಾಗ ಮುರ್ಕೊಂಡು ಬಂದಿಯಲ್ಲೋ ತಮ್ಮಾ" ಅಂತ ಮರುಗಿದ್ದ. ಅವನ ಕೈಯಲ್ಲಿದ್ದದ್ದು ಒಂದೇ ತುಂಡಿನ ಬಿದಿರು. ಅವನ ಗುಡಿಸಲು ನೀರಿನಿಂದ ನೂರು ಹೆಜ್ಜೆ. ಅವನಿಗೆ ಒಂದೇ ತುಂಡು ಸರಿ. ನೂರು ಹೆಜ್ಜೆಯವನಿಗೆ ಒಂದು ತುಂಡು, ಮನೆ ಮುಂದೆ ಕಾರಿದ್ದವನಿಗೆ ಎರಡು, ಬಸ್ಸಿನವನಿಗೆ ನಾಲ್ಕು. ಇದರಲ್ಲಿ ಜಾಣತನ, ದಡ್ಡತನ ಏನೂ ಇಲ್ಲ, ದೂರದ ಲೆಕ್ಕ ಅಷ್ಟೇ.

ಹಾಗಾದರೆ ಆರು, ಏಳು ತುಂಡಿನದ್ದು ಇನ್ನೂ ಒಳ್ಳೇದಲ್ವಾ ಅಂತ ಕೇಳಬಹುದು. ಏಳು ತುಂಡಿನದ್ದು ನಲವತ್ತು ಸೆಂಟಿಮೀಟರಿನ ಆಚೀಚೆಗೆ ಬರುತ್ತೆ. ವಿಮಾನದಲ್ಲಿ ಕೈಚೀಲಕ್ಕೆ ಕೊಡೋ ಅಳತೆ ಸಾಮಾನ್ಯವಾಗಿ 55 ಸೆಂಟಿಮೀಟರ್, ಅದರೊಳಗೆ ಹಿಡಿಯುತ್ತೆ, ನಾಲ್ಕು ತುಂಡಿನದ್ದು ಹಿಡಿಯೋದಿಲ್ಲ. ವರ್ಷಕ್ಕೆರಡು ಸಲ ವಿಮಾನ ಹತ್ತಿ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹುಡುಕ್ಕೊಂಡು ಹೋಗೋರು ಅದನ್ನ ನೋಡಲಿ. ಹುಕ್ಕುಗಳನ್ನ ಮಾತ್ರ ಕೈಚೀಲದಲ್ಲಿ ಇಡಬೇಡಿ. ಬಸ್ಸಿಗೆ ಅಷ್ಟು ಚಿಕ್ಕದು ಬೇಕಾಗಿಲ್ಲ. ಆರು ಕೀಲುಗಳನ್ನ ಬಿಸಿಲಲ್ಲಿ ನಿಂತು ಜೋಡಿಸೋದು, ಪ್ರತಿ ಕೀಲಿಗೂ ಮಣ್ಣು ಹೋಗದ ಹಾಗೆ ನೋಡಿಕೊಳ್ಳೋದು ಬೇಜಾರಿನ ಕೆಲಸ. ಇನ್ನು ಬಜಾರಿನಲ್ಲಿ ಸಿಗೋ ಒಳಗೊಳಗೆ ಸರಿಯೋ ಟೆಲಿಸ್ಕೋಪಿಕ್ ಕೋಲು ಎರೆಹುಳದ ಗಾಳಕ್ಕೆ ಅಡ್ಡಿಯಿಲ್ಲ, ಫ್ಲೈ ಬೀಸೋಕಲ್ಲ.

ನನ್ನ ವಾದದಲ್ಲಿ ಬಿರುಕು ಇರೋದು ಒಂದು ಕಡೆ, ಅದನ್ನ ಮುಚ್ಚಿಡೋದಿಲ್ಲ. ಒಳ್ಳೆ ಕೀಲು ಮಾಡೋದಕ್ಕೆ ಖರ್ಚಾಗುತ್ತೆ. ಅತಿ ಅಗ್ಗದ ನಾಲ್ಕು ತುಂಡಿನ ಕೋಲಿನಲ್ಲಿ ಮೂರು ಕೆಟ್ಟ ಕೀಲು ಇರ್ತಾವೆ, ಅದೇ ಬೆಲೆಯ ಎರಡು ತುಂಡಿನದ್ದರಲ್ಲಿ ಒಂದೇ ಕೆಟ್ಟ ಕೀಲು. ಸಾಫ್ಟ್‌ವೇರ್ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಬಗ್ ಇರೋದು ಯಾವಾಗಲೂ ಎರಡು ಮಾಡ್ಯೂಲ್ ಸೇರೋ ಕಡೆನೇ. ಹಾಗಾಗಿ ಕೈಯಲ್ಲಿ ರೊಕ್ಕ ತೀರಾ ಕಡಿಮೆ ಇದ್ದರೆ ಇನ್ನೆರಡು ತಿಂಗಳು ಕೂಡಿಡಿ, ಅಗ್ಗದ ಎರಡು ತುಂಡಿನದ್ದಕ್ಕೆ ಜಾರಬೇಡಿ ಅಂತೀನಿ. ಗಂಗಾವತಿಯಲ್ಲೇ ಮನೆ, ಮನೆಯಲ್ಲಿ ಕಾರು, ಹೋಗೋದು ಒಂದೇ ಕೆರೆಗೆ ಅನ್ನೋರಿಗೆ ಮಾತ್ರ ಈ ಮಾತು ಬೇಡ. ಅವರು ಎರಡು ತುಂಡಿನದ್ದನ್ನ ಧಾರಾಳವಾಗಿ ತಗೊಳ್ಳಲಿ, ಗೋಡೆಗೆ ಮೊಳೆ ಹೊಡೆದು ಜೋಡಿಸಿದ ಹಾಗೇ ನೇತುಹಾಕಲಿ.

ಮುರಿಯೋ ವಿಷಯದಲ್ಲಿ ಮತ್ತೆ ನಾಲ್ಕು ತುಂಡಿಗೇ ಗೆಲುವು. ನಮ್ಮ ಕೆರೆ ಏರಿಗಳ ಮೇಲೆಲ್ಲ ಬಳ್ಳಾರಿ ಜಾಲಿ. ಹಿಂದಕ್ಕೆ ಬೀಸಿದ ದಾರ ಅದಕ್ಕೆ ಸಿಕ್ಕಿಕೊಳ್ಳೋದು ಖಾತ್ರಿ. ಸಿಟ್ಟಿನಲ್ಲಿ ಕೋಲಿನಿಂದಲೇ ಎಳೆದರೆ ತುದಿ ಟಪ್ಪಂತ ಹೋಗುತ್ತೆ. (ದಾರ ಕೈಯಲ್ಲಿ ಹಿಡಿದು ಎಳೀಬೇಕು, ಕೋಲನ್ನ ದಾರದ ನೇರಕ್ಕೆ ಇಟ್ಟು.) ಎರಡು ತುಂಡಿನದ್ದರಲ್ಲಿ ತುದಿ ಹೋಯ್ತು ಅಂದ್ರೆ ಅರ್ಧ ಕೋಲು ಹೋದಂಗೆ. ನಾಲ್ಕರಲ್ಲಿ ಹೋಗೋದು ಕಾಲು ಭಾಗ, ಕಂಪನಿ ಬಿಡಿ ತುಂಡು ಕೊಡೋದಾದರೆ ಅದು ಚಿಕ್ಕ ಪಾರ್ಸಲ್ಲಿನಲ್ಲಿ ಕುಷ್ಟಗಿಗೂ ಬಂದು ಮುಟ್ಟುತ್ತೆ. ಬಿಡಿ ತುಂಡು ಕೊಡ್ತಾರಾ ಅಂತ ಕೊಳ್ಳೋ ಮುಂಚೆ ಕೇಳಿ, ಬಣ್ಣ ಆಮೇಲೆ ನೋಡಿ.

ಕೊಳ್ಳೋವಾಗ ಪೆಟ್ಟಿಗೆಯಲ್ಲೇ ಒಪ್ಪಿಕೊಂಡು ಬರಬೇಡಿ. ಪೂರ್ತಿ ಜೋಡಿಸಿ. ಬಹಳಷ್ಟು ಕೋಲುಗಳಲ್ಲಿ ಮೇಲಿನ ತುಂಡು ಪೂರ್ತಿ ತಳಕ್ಕೆ ಕೂರದೆ ಸ್ವಲ್ಪ ಜಾಗ ಉಳಿಯುತ್ತೆ, ಅದು ಸರಿಯೇ, ಸವೆದಂತೆಲ್ಲ ಒಳಗೆ ಇಳಿಯೋಕೆ ಅಂತ ಬಿಟ್ಟಿರ್ತಾರೆ. ಮೆಲ್ಲಗೆ ಅಲ್ಲಾಡಿಸಿದರೆ ಕಟ್ ಕಟ್ ಸದ್ದು ಬರಬಾರದು. ಬಂದರೆ ಬೇಡ ಅನ್ನಿ, ಎಷ್ಟೇ ಡಿಸ್ಕೌಂಟ್ ಇರಲಿ. ದಾರ ಹೋಗೋ ರಿಂಗುಗಳು ಒಂದೇ ಗೆರೆಯಲ್ಲಿ ಕೂರಬೇಕು.

ನೀರಿನ ಹತ್ತಿರ ಜೋಡಿಸೋ ಮುಂಚೆ ಕೀಲನ್ನ ಬಟ್ಟೆಯಿಂದ ಒರೆಸಿ. ನಮ್ಮ ಕಡೆ ಧೂಳು ಅಂದ್ರೆ ಧೂಳು, ಒಂದು ಮರಳಿನ ಕಣ ಒಳಗೆ ಸೇರಿದರೂ ಕೊಳವೆಯನ್ನ ಕೆರೆದು ಹಾಕುತ್ತೆ. ಒಳಗೆ ಹೋಗೋ ಭಾಗಕ್ಕೆ ಮನೆಯಲ್ಲಿರೋ ಬಿಳಿ ಮೇಣದಬತ್ತಿಯನ್ನ ತೆಳ್ಳಗೆ ಉಜ್ಜಿದರೆ ಸಾಕು, ಬಿಗಿಯಾಗೂ ಕೂರುತ್ತೆ, ಬಿಚ್ಚೋಕೂ ಬರುತ್ತೆ. ಆಷಾಢದಲ್ಲಿ ಕುಷ್ಟಗಿ, ಯಲಬುರ್ಗಾ ಬಯಲಿನ ಗಾಳಿ ಗೊತ್ತಲ್ಲ, ಸುಮ್ಮನೆ ಅಲ್ಲಿ ಗಾಳಿಯಂತ್ರ ನೆಟ್ಟಿಲ್ಲ. ಆ ಗಾಳಿಯಲ್ಲಿ ಜೋರಾಗಿ ಬೀಸಿ ಬೀಸಿ ಕೀಲು ಸಡಿಲಾಗ್ತಾ ಬರುತ್ತೆ. ಅರ್ಧ ಗಂಟೆಗೊಮ್ಮೆ ಮೂರೂ ಕೀಲನ್ನ ಕೈಯಿಂದ ಒತ್ತಿ ನೋಡೋದು ಅಭ್ಯಾಸ ಆಗಬೇಕು, ಕೋಲು ಮುರಿಯೋದರಲ್ಲಿ ಸಡಿಲ ಕೀಲಿನ ಪಾಲು ದೊಡ್ಡದು. ಅದೇ ಗಾಳಿಯ ಕಾರಣಕ್ಕೆ ಕೋಲಿನ ನಂಬರಿನಲ್ಲೂ 5ರ ಬದಲು 6 ತಗೊಳ್ಳೋದು ಮೇಲು, ಮರಲ್ ಸಿಕ್ಕರೂ ತಡೆಯುತ್ತೆ.

ಕುತೂಹಲಕ್ಕೆ ಅಂತ ಒಂದು ವಿಷಯ. ಈ ಶೋಕಿ ಕನ್ನಡ ನಾಡಿಗೆ ಹೊಸದೇನಲ್ಲ. ಹೆನ್ರಿ ಸಲಿವನ್ ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿ ದಕ್ಷಿಣ ಕನ್ನಡದಲ್ಲಿದ್ದಾಗ "ದಿ ರಾಡ್ ಇನ್ ಇಂಡಿಯಾ" ಅಂತ ಪುಸ್ತಕ ಬರೆದ. 1873ರಲ್ಲಿ ಅದು ಹೊರಬಂದದ್ದು ಮಂಗಳೂರಿನಿಂದ, ಅದಾಗಿ ಇಪ್ಪತ್ತೊಂದು ವರ್ಷಕ್ಕೆ ಕಿಟ್ಟೆಲ್ ನಿಘಂಟೂ ಅದೇ ಊರಿನಲ್ಲಿ ಅಚ್ಚಾಯ್ತು. ಆಮೇಲೆ 1887ರಲ್ಲಿ ಬರೀ ಕೆರೆಗಳಲ್ಲಿ ಗಾಳ ಹಾಕೋದರ ಬಗ್ಗೆಯೇ ಅವನದು ಇನ್ನೊಂದು ಪುಸ್ತಕ ಬಂತು, "ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ". ಕೋಲು ಹೊರೋಕೆ ಆ ಸಾಹೇಬನಿಗೆ ಆಳುಗಳಿದ್ದಿರಬೇಕು. ನಮ್ಮದು ನಾವೇ ಹೊರಬೇಕು, ಮೇಲೆ ಕಂಡಕ್ಟರ್ "ಅದೇನ್ರೀ ಪೈಪು, ಲಗೇಜ್ ಟಿಕೆಟ್ ತಗೋರಿ" ಅಂದ್ರೆ ಬಿಚ್ಚಿಯೂ ತೋರಿಸಬೇಕು. ನಾಲ್ಕು ತುಂಡಿನದ್ದಕ್ಕೆ ಇಲ್ಲೀತನಕ ಯಾರೂ ಕೇಳಿಲ್ಲ.